ಮಂಜಿನಲ್ಲಿ ಹಾಕಿದ ಒಂದು ಕೂಗು

ಹೊರಡುವ ಮುಂಚೆ

ನಾನು ಪರದೇಶಕ್ಕೆ ಹೋದದ್ದು ಊರು ನೋಡುವುದಕ್ಕಲ್ಲ, ತಂಗಿಯನ್ನು ಕರೆದುಕೊಂಡು ಬರುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬಣಕಲ್ ಹತ್ತಿರ ಹನ್ನೆರಡು ಎಕರೆ ಕಾಫಿ ಇಟ್ಟುಕೊಂಡವನಿಗೆ, ಅದೂ ಕಾಫಿಯ ಬೆಲೆ ನೆಲ ಕಚ್ಚಿದ್ದ ಆ ವರ್ಷಗಳಲ್ಲಿ, ಸ್ಕಾಟ್ಲೆಂಡಿನ ಆಚೆಯ ದ್ವೀಪಕ್ಕೆ ಹೋಗುವ ಶೋಕಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಟಿಕೆಟ್ ಕಳಿಸಿದವಳು ತಂಗಿ ಸುಮಿತ್ರಾ. "ಒಂದು ಸಲ ಬಂದು ನೋಡ್ಕೊಂಡು ಹೋಗು ಅಣ್ಣಯ್ಯ" ಎಂದು ಅವಳು ಕರೆದಿದ್ದಳು. ಅವ್ವ ನನ್ನನ್ನು ಕಳಿಸಿದ್ದು ಮಾತ್ರ ಬೇರೆ ಕೆಲಸಕ್ಕೆ.

ಸುಮಿತ್ರಾ ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಅಲ್ಲೇ ಹತ್ತು ವರ್ಷ ದುಡಿದು, ಆಮೇಲೆ ಇಂಗ್ಲೆಂಡಿನ ಆಸ್ಪತ್ರೆಯೊಂದಕ್ಕೆ ಹೋದವಳು. ಅಷ್ಟಕ್ಕೇ ಸುಮ್ಮನಿರದೆ, ಅರವತ್ತು ಚಿಲ್ಲರೆ ಜನರಿರುವ ಒಂದು ದ್ವೀಪಕ್ಕೆ ನರ್ಸು ಬೇಕಂತೆ ಎಂದು ಎರಡು ವರ್ಷದ ಕರಾರಿನ ಮೇಲೆ ಅಲ್ಲಿಗೆ ಹೊರಟುಬಿಟ್ಟಳು. ಅಲ್ಲಿ ಡಾಕ್ಟರಿಲ್ಲ, ನರ್ಸೇ ಎಲ್ಲ. ಅವಳಿಗಾಗ ನಲವತ್ತೆರಡು. ಮದುವೆ ಬೇಡವೆಂದು ಹಠ ಹಿಡಿದು ಗೆದ್ದವಳು. ಆಗಸ್ಟಿಗೆ ಕರಾರು ಮುಗಿಯುತ್ತಿತ್ತು. ಇರುತ್ತೇನೋ ಬಿಡುತ್ತೇನೋ ಎನ್ನುವುದನ್ನು ಜುಲೈ ಕೊನೆಯೊಳಗೆ ತಿಳಿಸಬೇಕಿತ್ತು.

"ಅಲ್ಲಿ ಅವ್ಳಿಗೆ ಕೈಯೋ ಕಾಲೋ ಉಳುಕಿದ್ರೆ ಒಂದು ಲೋಟ ನೀರು ಕೊಡಕ್ಕೆ ಯಾರಿದಾರೋ?" ಎಂದು ಅವ್ವ ಕೇಳಿದಳು. "ಸಾಕು ಪರದೇಶ. ನೀನು ಕರ್ಕೊಂಡೇ ಬಾ."

ಮಳೆ ಹಿಡಿದಿತ್ತು. ತೋಟವನ್ನು ಹೆಂಡತಿಗೂ ಮೇಸ್ತ್ರಿಗೂ ಒಪ್ಪಿಸಿ, ಎರಡು ಕೆಜಿ ಕಾಫಿಪುಡಿ, ಒಂದು ಡಬ್ಬಿ ಉಪ್ಪಿನಕಾಯಿ ಮತ್ತು ನನ್ನ ಛತ್ರಿ ಹಿಡಿದು ಹೊರಟೆ. ದ್ವೀಪದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಮ್ಮ ವಿಷಯ ಬೇರೆಯವರು ಆಡಿಕೊಳ್ಳುವುದು ಅಲ್ಲಿಯವರಿಗೆ ಅಷ್ಟು ಸೇರುವುದಿಲ್ಲ.

ದೋಣಿ ಇಳಿದದ್ದು

ಕೊನೆಯ ಪೇಟೆಯಿಂದ ದ್ವೀಪಕ್ಕೆ ದೋಣಿಯಲ್ಲಿ ಮೂರು ಗಂಟೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಇಡ್ಲಿ ತಿಂದವನು ನಾನು. ಆ ಜಂಬವನ್ನು ಸಮುದ್ರ ಅರ್ಧ ಗಂಟೆಯಲ್ಲಿ ಇಳಿಸಿತು. ಮೊದಲು ಬೆಳಗ್ಗೆ ತಿಂದದ್ದು ಹೋಯಿತು, ಹಿಂದೆಯೇ ಮರ್ಯಾದೆಯೂ ಹೋಯಿತು. ದೋಣಿಯವನು ನನ್ನ ಕಡೆ ನೋಡದೆ ಒಂದು ಬಕೆಟ್ಟನ್ನು ಕಾಲಿನಿಂದ ಸರಿಸಿದ. ಎಷ್ಟು ನಯವಾಗಿ ಸರಿಸಿದನೆಂದರೆ, ಹೊಟ್ಟೆ ತೊಳೆಸುವುದರ ನಡುವೆಯೂ ನನಗೆ ಅವನ ಮೇಲೆ ಗೌರವ ಬಂತು.

ದಡ ಹತ್ತಿರವಾದಾಗ ಇಪ್ಪತ್ತು ಮೂವತ್ತು ಜನ ಕೆಳಗಿಳಿದು ಬಂದು ನಿಂತದ್ದು ಕಾಣಿಸಿತು. ನನ್ನನ್ನು ಎದುರುಗೊಳ್ಳಲು ಊರಿಗೆ ಊರೇ ಬಂದಿದೆ ಎಂದುಕೊಂಡು ತಲೆಗೂದಲು ಸರಿಮಾಡಿಕೊಂಡೆ. ದೋಣಿ ನಿಂತ ಕೂಡಲೇ ಅವರೆಲ್ಲ ಸಾಲಾಗಿ ನಿಂತು ಸಾಮಾನು ಕೈಯಿಂದ ಕೈಗೆ ದಾಟಿಸತೊಡಗಿದರು. ಆಲೂಗಡ್ಡೆ ಮೂಟೆ, ಗ್ಯಾಸ್ ಸಿಲಿಂಡರು, ಟಪಾಲು ಚೀಲ, ಯಾರದೋ ಮನೆಯ ಹೊಸ ಕಮೋಡು. ಸಾಲಿನಲ್ಲಿ ಒಂದು ಕಡೆ ಒಬ್ಬರು ಕಡಿಮೆಯಿದ್ದರು. ಉಲ್ಲನ್ ಟೋಪಿ ಹಾಕಿದ ಮುದುಕಿಯೊಬ್ಬಳು ನನ್ನ ತೋಳು ಹಿಡಿದು ಆ ಜಾಗಕ್ಕೆ ಎಳೆದುಕೊಂಡಳು.

"ಸುಮಿಯ ಅಣ್ಣನಾ?"

"ಹೌದು."

"ಒಳ್ಳೇದು. ಹಿಡಿ" ಎಂದು ಕಮೋಡನ್ನು ನನ್ನ ಕೈಗಿತ್ತಳು.

ಅವಳೇ ಈನಾ. ಎಪ್ಪತ್ತನಾಲ್ಕು ವರ್ಷ, ಒಂಟಿ ಮನೆ, ನನ್ನ ತಂಗಿಯ ಪಕ್ಕದ ಮನೆಯವಳು. ಸಾಲಿನ ಆ ತುದಿಯಲ್ಲಿ ಸುಮಿತ್ರಾ ನಿಂತಿದ್ದಳು. ಎರಡು ವರ್ಷದ ಮೇಲೆ ಅಣ್ಣನನ್ನು ಕಂಡವಳು ಓಡಿ ಬಂದು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಗ್ಯಾಸ್ ಸಿಲಿಂಡರು ಹಿಡಿದುಕೊಂಡೇ ನಕ್ಕಳು. ಅಳು ಬಂದದ್ದು ನನಗೆ.

ಸಾಮಾನು ಮುಗಿದ ಮೇಲೆ ಎಲ್ಲ ಸೇರಿ ದೋಣಿಯನ್ನೇ ಹಗ್ಗ ಹಾಕಿ ಎಳೆದು ದಡದ ಮೇಲೆ ಕೂರಿಸಿದರು. ನೀರಿನಲ್ಲಿ ಬಿಟ್ಟರೆ ಅಲೆಗಳು ಅದನ್ನು ಬಂಡೆಗೆ ಬಡಿದು ಪುಡಿ ಮಾಡುತ್ತವಂತೆ. ದೋಣಿ ಬಂದಾಗಲೆಲ್ಲ ಮನೆಗೊಬ್ಬರಾದರೂ ಇಳಿದು ಬರಬೇಕು. ಬಾರದವರನ್ನು ಯಾರೂ ಏನೂ ಕೇಳುವುದಿಲ್ಲ, ಆದರೆ ಬಾರದವರೇ ಇಲ್ಲ. ನಮ್ಮೂರ ಕೆರೆಯ ಹೂಳು ತೆಗೆಯಲು ಮನೆಗೊಬ್ಬರು ಬನ್ನಿ ಎಂದು ಸಾರಿದಾಗ ಸಂಘದ ಅಧ್ಯಕ್ಷರೇ ಮದುವೆಗೆ ಹೋಗಿದ್ದರು. ಹೆಸರು ಹೇಳುವುದಿಲ್ಲ, ಅವರು ನನ್ನ ಭಾವ.

ಮರ ನೋಡಲು ಹೋದದ್ದು

ಆ ದ್ವೀಪದಲ್ಲಿ ಮರಗಳಿಲ್ಲ. ಗಾಳಿ ಬೆಳೆಯಗೊಡುವುದಿಲ್ಲ. ಹುಟ್ಟಿದಾರಭ್ಯ ನೆರಳಿನ ಮರಗಳ ಕೆಳಗೇ ಓಡಾಡಿ, ಯಾವ ಕೊಂಬೆ ಕಡಿಸಬೇಕು ಯಾವುದನ್ನು ಬಿಡಬೇಕು ಎಂದು ಮೇಲೆ ನೋಡಿಕೊಂಡೇ ನಡೆದು ಕತ್ತು ನೋಯಿಸಿಕೊಂಡವನು ನಾನು. ಅಲ್ಲಿ ತಲೆ ಎತ್ತಿದರೆ ಬರೀ ಆಕಾಶ. ಸಂತೆಯಲ್ಲಿ ಅಂಗಿ ಕಳಚಿ ನಿಲ್ಲಿಸಿದ ಹಾಗಾಯಿತು.

ನನ್ನ ಸಂಕಟವನ್ನು ಸುಮಿತ್ರಾ ಯಾರಿಗೋ ಹೇಳಿರಬೇಕು. ಮಾರನೆಯ ದಿನ ಅಂಗಡಿಯ ಆಂಡ್ರು ತನ್ನ ಜೀಪು ತಂದು, "ಬನ್ನಿ, ನಮ್ಮ ಮರ ತೋರಿಸ್ತೀನಿ" ಎಂದ. ಆಳೆತ್ತರದ ಕಲ್ಲುಗೋಡೆಯ ಹಿಂದೆ ಅದು ಇತ್ತು. ಗೋಡೆಯ ಮಟ್ಟದವರೆಗೆ ನೆಟ್ಟಗೆ ಬೆಳೆದು, ಅಲ್ಲಿಂದ ಮುಂದೆ ಗಾಳಿ ಅದನ್ನು ಹಾಸಿಗೆಯ ಹಾಗೆ ಮಲಗಿಸಿತ್ತು. ನಮ್ಮಲ್ಲಾದರೆ ಗಿಡವೆಂದೂ ಎಣಿಸುವುದಿಲ್ಲ, ಕಳೆ ಕತ್ತಿಯಲ್ಲೇ ಮುಗಿಸುತ್ತೇವೆ. ಆಂಡ್ರು ಅದರ ಬುಡದ ಹುಲ್ಲನ್ನು ಕೈಯಿಂದ ಬಿಡಿಸಿ ನನ್ನ ಮುಖ ನೋಡಿದ. "ಚೆನ್ನಾಗಿ ಬಂದಿದೆ" ಎಂದೆ. ಉಪಚಾರಕ್ಕೆ ಹೇಳಿದ ಮಾತು, ಆದರೆ ಹೇಳಿದ ಮೇಲೆ ನಿಜವೆನ್ನಿಸಿತು. ನನ್ನ ತೋಟದ ಯಾವ ಸಿಲ್ವರ್ ಓಕನ್ನೂ ನಾನು ಅಷ್ಟು ಪ್ರೀತಿಯಿಂದ ನೋಡಿಲ್ಲ.

ಅಷ್ಟರಲ್ಲಿ ಮಳೆ ಬಂತು. ಅಡ್ಡ ಮಳೆ. ನಾನು ಅಭ್ಯಾಸದಂತೆ ಛತ್ರಿ ಬಿಡಿಸಿದೆ. ಆಂಡ್ರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಛತ್ರಿ ನನ್ನ ಕೈಬಿಟ್ಟು ಗೋಡೆ ಹಾರಿ ಸಮುದ್ರದ ಕಡೆ ನಡೆದೇಬಿಟ್ಟಿತು. ಇಬ್ಬರೂ ಅದು ಕಣ್ಮರೆಯಾಗುವವರೆಗೆ ನೋಡಿದೆವು. "ನಾರ್ವೆ ಕಡೆ ಹೋಯ್ತು" ಎಂದ.

ಈ ಆಂಡ್ರು ಅಂಗಡಿಯವನು. ವಿಮಾನ ಬರುವ ದಿನ ಅಗ್ನಿಶಾಮಕ ದಳದವನು, ದೋಣಿ ಕೆಟ್ಟರೆ ಮೆಕ್ಯಾನಿಕ್ಕು, ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಓದುವವನು. ಒಬ್ಬೊಬ್ಬರಿಗೂ ಹೀಗೆ ನಾಲ್ಕೈದು ಕೆಲಸ. ಒಂದು ಕೆಲಸಕ್ಕೆ ನಾಲ್ಕೈದು ಜನ ನಿಂತು ವಾದ ಮಾಡುವ ಊರಿನಿಂದ ಹೋದ ನನಗೆ ಯಾರು ಏನೆಂದು ತಿಳಿಯಲು ಎರಡು ದಿನ ಬೇಕಾಯಿತು.

ಇನ್ನೊಂದು ವಿಚಿತ್ರ. ಸುಮಿತ್ರಾಳ ಕರಾರು ಮುಗಿಯುತ್ತಿರುವುದು ಎಲ್ಲರಿಗೂ ಗೊತ್ತಿತ್ತು. ಅಣ್ಣ ಬಂದದ್ದು ಯಾಕೆಂದೂ ಊಹಿಸಿದ್ದರು. ಆದರೂ ಒಬ್ಬರೂ "ಇರುತ್ತೀಯಾ, ಹೋಗುತ್ತೀಯಾ" ಎಂದು ಅವಳನ್ನು ಕೇಳಲಿಲ್ಲ. ನಮ್ಮಲ್ಲಾದರೆ ಬಣಕಲ್ ಬಸ್‌ಸ್ಟಾಂಡಿನಿಂದ ಮನೆ ತಲುಪುವುದರೊಳಗೆ ಹತ್ತು ಜನ ಬುದ್ಧಿ ಹೇಳಿರುತ್ತಿದ್ದರು. ನಾನೇ ಅವಳನ್ನು ಕೇಳಿದೆ.

"ನಾನು ಬರೋಕೆ ಮುಂಚೆ ಎಂಟು ತಿಂಗ್ಳು ಇಲ್ಲಿ ನರ್ಸೇ ಇರ್ಲಿಲ್ಲ" ಎಂದಳು. "ಆವಾಗ ಒಬ್ಳು ಬಸುರಿ ಇದ್ಲು. ಹೆದರ್ಕೊಂಡು ಗಂಡನ ಜೊತೆ ಪೇಟೆಗೆ ಹೋದ್ಲು. ಹೆರಿಗೆ ಆದ್ಮೇಲೆ ಬರ್ತೀವಿ ಅಂದೋರು ಬರ್ಲೇ ಇಲ್ಲ. ಇಲ್ಲಿ ಎರಡು ಜನ ಹೋದ್ರೆ ಎಷ್ಟು ಕಡ್ಮೆಯಾಗುತ್ತೆ ಅಂತ ನಿಂಗೆ ಗುಡ್ಡದ ದಿನ ಗೊತ್ತಾಗುತ್ತೆ."

"ಅದ್ಸರಿ, ನಿಂಗೆ ಎಂಥ ಅನ್ಸುತ್ತೆ?"

"ನಂಗೆ ಇರ್ಬೇಕು ಅನ್ಸುತ್ತೆ. ಆದ್ರೆ ಅವ್ವ ಬಾ ಅಂದ್ರೆ ಇಲ್ಲ ಅನ್ನಕ್ಕೆ ನಂಗೆ ಬಾಯಿ ಬರಲ್ಲ ಅಣ್ಣಯ್ಯ. ಅವ್ಳು ಬಾ ಅಂದ್ರೆ ಬರ್ತೀನಿ."

ಅವ್ವ ಬಾ ಅಂದಿದ್ದಾಳೆ ಎಂದೆ. ಸುಮಿತ್ರಾ ಸರಿ ಎಂದಳು, ಎದ್ದು ಪಾತ್ರೆ ತೊಳೆಯಲು ಹೋದಳು. ಬಂದ ಕೆಲಸ ಇಷ್ಟು ಸಲೀಸಾಗಿ ಆಯಿತಲ್ಲ ಎಂದು ನಾನು ಖುಷಿಪಡಬೇಕಿತ್ತು. ಯಾಕೋ ಪಡಲಿಲ್ಲ.

ಗುಡ್ಡದ ದಿನ

ದ್ವೀಪದ ಕುರಿಗಳು ವರ್ಷವೆಲ್ಲ ಗುಡ್ಡದ ಮೇಲೆ ಹೇಳುವವರು ಕೇಳುವವರಿಲ್ಲದೆ ಮೇಯುತ್ತವೆ. ಜುಲೈಯಲ್ಲಿ ಒಂದು ದಿನ ಎಲ್ಲವನ್ನೂ ಇಳಿಸಿ ಕಲ್ಲಿನ ದೊಡ್ಡಿಗೆ ತುಂಬಿ ಉಣ್ಣೆ ಕತ್ತರಿಸಬೇಕು. ಜೀವನ ನಡೆಯುವುದೇ ಅದರಿಂದ. ಇಳಿಸುವ ರೀತಿ ಹೀಗೆ: ಗುಡ್ಡದ ಈ ಅಂಚಿನಿಂದ ಆ ಅಂಚಿನವರೆಗೆ ಜನ ದೂರ ದೂರಕ್ಕೆ ಸಾಲಾಗಿ ನಿಲ್ಲುತ್ತಾರೆ. ಎಲ್ಲರೂ ಒಟ್ಟಿಗೆ ನಿಧಾನವಾಗಿ ಮುಂದೆ ನಡೆಯುತ್ತಾರೆ. ಕುರಿಗಳು ತಾವೇ ಮನಸ್ಸು ಮಾಡಿ ಹೊರಟವೇನೋ ಎಂಬಂತೆ ಮುಂದೆ ಮುಂದೆ ಹೋಗುತ್ತವೆ. ಪ್ರತಿಯೊಬ್ಬರಿಗೂ ಅವರವರ ಜಾಗವಿದೆ, ಕೆಲವು ಜಾಗ ಅಜ್ಜನಿಂದ ಬಂದದ್ದು. ಸಾಲಿನಲ್ಲಿ ಅಂತರ ಹೆಚ್ಚಾದರೆ ಕುರಿಗಳು ನಡುವೆ ನುಗ್ಗಿ ಹಿಂದಕ್ಕೆ ಓಡುತ್ತವೆ. ಊರು ಬಿಟ್ಟುಹೋದ ಗಂಡ ಹೆಂಡಿರ ಎರಡು ಜಾಗ ಖಾಲಿಯಿದ್ದವು. ಒಂದು ಸುಮಿತ್ರಾಳಿಗೆ ಬಂದಿತ್ತು. ಇನ್ನೊಂದನ್ನು ನನಗೆ ಕೊಟ್ಟರು.

"ನಾವು ನಡೆದ್ರೆ ನಡೀರಿ, ನಿಂತ್ರೆ ನಿಲ್ಲಿ. ಮಾತಾಡ್ಬೇಡಿ" ಎಂದ ಆಂಡ್ರು.

ನನ್ನ ಬಲಕ್ಕೆ ಕೂಗಳತೆಯ ದೂರದಲ್ಲಿ ಈನಾ ಇದ್ದಳು. ಒಂದು ಗಂಟೆ ನಡೆದೆವು. ನಾಯಿಗಳೂ ಬೊಗಳಲಿಲ್ಲ. ನೂರಾರು ಕುರಿಗಳು ಸಣ್ಣಗೆ ಸದ್ದು ಮಾಡುತ್ತ ಇಳಿಯುತ್ತಿದ್ದವು. ಅಷ್ಟು ಸೊಗಸಾದ ಕೆಲಸವನ್ನು ನಾನು ನೋಡಿರಲಿಲ್ಲ. ಆಗ ಸಮುದ್ರದ ಕಡೆಯಿಂದ ಮಂಜು ಬಂತು. ಮೊದಲು ಸಾಲಿನ ತುದಿ ಮರೆಯಾಯಿತು, ಆಮೇಲೆ ಸುಮಿತ್ರಾ, ಆಮೇಲೆ ಈನಾ.

ಮಂಜು ನನಗೆ ಹೊಸದಲ್ಲ. ನಮ್ಮ ಕಡೆ ಮಂಜಿನಲ್ಲಿ ದನ ಹುಡುಕುವಾಗ, ಹಂದಿ ಓಡಿಸುವಾಗ, ಒಬ್ಬರಿಗೊಬ್ಬರು ಕಾಣದಿದ್ದರೆ ಕೂ ಹಾಕುತ್ತೇವೆ. ಆ ಕಡೆಯವನು ತಿರುಗಿ ಕೂ ಅಂದರೆ ಸರಿ, ಅನ್ನದಿದ್ದರೆ ಎಲ್ಲೋ ಬಿದ್ದಿದ್ದಾನೆ ಎಂದು ಹುಡುಕಬೇಕು. ಮಂಜಿನಲ್ಲಿ ಸುಮ್ಮನಿರುವುದು ನಮ್ಮಲ್ಲಿ ಕೆಟ್ಟ ಲಕ್ಷಣ. ಎಪ್ಪತ್ತನಾಲ್ಕರ ಮುದುಕಿ, ಕೆಸರು ನೆಲ, ಏನಾದಳೋ ಎಂದು ನನಗೆ ದಿಗಿಲಾಯಿತು. ಬಾಯಿಗೆ ಎರಡೂ ಕೈ ಹಿಡಿದು, ಎರಡು ಗುಡ್ಡದಾಚೆ ಕೇಳುವ ಹಾಗೆ ಒಂದು ಕೂ ಹಾಕಿದೆ.

ಉತ್ತರವಾಗಿ ಕುರಿಗಳು ಬಂದವು. ಮಂಜಿನಿಂದ ಸಿಡಿದು ನನ್ನ ಎಡಕ್ಕೂ ಬಲಕ್ಕೂ, ಒಂದೆರಡು ನನ್ನ ಮೊಣಕಾಲಿಗೂ ಗುದ್ದಿ, ಹಿಂದಕ್ಕೆ ಗುಡ್ಡದ ಮೇಲಕ್ಕೆ ಓಡಿದವು. ಒಮ್ಮೆ ಈನಾ ಕಂಡಳು. ಎರಡೂ ಕೈ ಚಾಚಿ ಸಂದು ಮುಚ್ಚಲು ಓಡುತ್ತಿದ್ದಳು. ಆಮೇಲೆ ಕಾಣಲಿಲ್ಲ.

ಅವಳ ಕಾಲು ಒಂದು ಗುಂಡಿಯೊಳಗೆ ಸಿಕ್ಕಿ ಪಾದದ ಗಂಟಿನ ಮೇಲೆ ಮುರಿದಿತ್ತು. ಸುಮಿತ್ರಾ ಬಂದು ಪಕ್ಕದಲ್ಲಿ ಮೊಣಕಾಲೂರಿದಳು. ಇಬ್ಬರು ಗಂಡಸರು ದೊಡ್ಡಿಯ ಮರದ ಗೇಟನ್ನೇ ಬಿಚ್ಚಿ ತಂದರು. ಅದರ ಮೇಲೆ ಈನಾಳನ್ನು ಮಲಗಿಸಿ ಹೊತ್ತುಕೊಂಡು ಇಳಿದೆವು. ಗೇಟಿನ ಒಂದು ಮೂಲೆ ನನ್ನ ಹೆಗಲ ಮೇಲಿತ್ತು. ಯಾರೂ ನನ್ನನ್ನು ಬಯ್ಯಲಿಲ್ಲ. ಒಬ್ಬನಾದರೂ ಬೈದಿದ್ದರೆ ಚೆನ್ನಾಗಿತ್ತು.

"ಮಾತಾಡ್ಬೇಡಿ ಅಂದಿದ್ರು, ಕೂಗ್ಬೇಡಿ ಅಂದಿರ್ಲಿಲ್ಲ" ಎಂದು ಆಮೇಲೆ ಸುಮಿತ್ರಾಳ ಮುಂದೆ ವಾದ ಹೂಡಿದೆ.

"ಸುಮ್ನಿರು ಮಾರಾಯ" ಎಂದಳು.

ಮಂಜು ಬಿಡದ ಎರಡು ದಿನ

ಮಂಜಿಗೆ ವಿಮಾನ ಬರುವಂತಿಲ್ಲ, ಅಲೆಗೆ ದೋಣಿ ಇಳಿಸುವಂತಿಲ್ಲ. ಪೇಟೆಯ ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಕೇಳಿಕೊಂಡು ಸುಮಿತ್ರಾ ಕಾಲಿಗೆ ಪಟ್ಟಿ ಕಟ್ಟಿದಳು. ಗಂಟೆಗೊಮ್ಮೆ ಈನಾಳ ಕಾಲಿನ ಹೆಬ್ಬೆರಳ ಉಗುರು ಒತ್ತಿ, ಬಿಟ್ಟು, ರಕ್ತ ಹರಿದು ಕೆಂಪು ತಿರುಗಿ ಬರುತ್ತದೆಯೇ ನೋಡುತ್ತಿದ್ದಳು. ಬಂದಾಗಲೆಲ್ಲ ಈನಾಳಿಗೆ ತಲೆಯಾಡಿಸುತ್ತಿದ್ದಳು. ಎರಡು ದಿನ ಅವಳು ಈನಾಳ ಮನೆ ಬಿಟ್ಟು ಕದಲಲಿಲ್ಲ.

ಜನ ಬಂದರು. ನಮ್ಮಲ್ಲೂ ಬರುತ್ತಾರೆ. ಮಂಚದ ಸುತ್ತ ಕುಳಿತು, ತಮ್ಮ ಚಿಕ್ಕಪ್ಪನ ಕಾಲು ಹೇಗೆ ಮುರಿದು ಹೇಗೆ ಕೊನೆಯವರೆಗೂ ಸೊಟ್ಟಗೇ ಉಳಿಯಿತು ಎಂದು ಧೈರ್ಯ ಹೇಳಿ, ಎರಡು ಸಲ ಕಾಫಿ ಕುಡಿದು ಹೋಗುತ್ತಾರೆ. ಇಲ್ಲಿ ಒಬ್ಬ ಬಂದು ಒಲೆಗೆ ಇಂಧನ ತುಂಬಿ ಹೋದ. ಇನ್ನೊಬ್ಬಳು ಬಂದು ಪಾತ್ರೆ ತೊಳೆದಳು. ಮತ್ತೊಬ್ಬ ಈನಾಳ ಹಸು ಕರೆದು ಹಾಲು ಇಟ್ಟ. ಸುಮಿತ್ರಾ ಕುರ್ಚಿಯಲ್ಲೇ ತೂಕಡಿಸುವಾಗ ಯಾರೋ ಅವಳ ಹೆಗಲಿಗೆ ಶಾಲು ಹೊದಿಸಿ, ಅವಳ ಪಾಲಿನ ಸೂಪನ್ನು ಒಲೆಯ ಪಕ್ಕ ಬೆಚ್ಚಗಿಟ್ಟು ಹೋಗಿದ್ದರು. ಯಾರೆಂದು ನನಗೆ ತಿಳಿಯಲೇ ಇಲ್ಲ. ಅವ್ವ ಕೇಳಿದ್ದ ಒಂದು ಲೋಟ ನೀರಿನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಎರಡನೆಯ ದಿನ ಧೈರ್ಯ ಮಾಡಿ, ಕಾಫಿ ಕಾಸಿಕೊಂಡು ಈನಾಳ ಮಂಚದ ಹತ್ತಿರ ಹೋದೆ. ಅವಳು ಒಂದು ಗುಟುಕು ಕುಡಿದು, ಇದನ್ನು ದಿನವೂ ಕುಡೀತೀರಾ ಎನ್ನುವ ಹಾಗೆ ನೋಡಿದಳು. ತಪ್ಪಾಯಿತು ಎಂದೆ.

"ಆ ಕೂಗು ಎಂಥದ್ದು?" ಎಂದು ಕೇಳಿದಳು.

ನಮ್ಮೂರ ಮಂಜು, ನಮ್ಮೂರ ಕೂ, ಉತ್ತರ ಬಾರದಿದ್ದರೆ ಹುಡುಕುವುದು, ಎಲ್ಲ ಹೇಳಿದೆ.

"ಹಾಗಾದ್ರೆ ನೀನು ನನ್ನನ್ನ ಹುಡುಕಿದ್ದು?"

"ಹೌದು."

"ಸಿಕ್ಕಿದೆನಲ್ಲ" ಎಂದಳು. ಉಳಿದ ಕಾಫಿಯನ್ನೂ ಕುಡಿದಳು.

ಮತ್ತೆ ಗುಡ್ಡ

ಮೂರನೆಯ ದಿನ ಬೆಳಗ್ಗೆ ಮಂಜು ಬಿಟ್ಟಿತು. ಪುಟ್ಟ ವಿಮಾನ ಬಂತು. ಈನಾಳನ್ನು ಏರಿಸುವಾಗ ಅವಳು ನನ್ನನ್ನು ಹತ್ತಿರ ಕರೆದಳು.

"ಇವತ್ತು ಕುರಿ ಇಳಿಸ್ತಾರೆ. ನನ್ನ ಜಾಗವನ್ನೂ ನೀನೇ ನೋಡ್ಕೋ. ಸುಮ್ನೆ."

ವಿಮಾನ ಇಳಿಯುವ ಹಾದಿಯಿಂದ ಎಲ್ಲರೂ ನೇರ ಗುಡ್ಡಕ್ಕೆ ನಡೆದರು. ನನ್ನನ್ನು ಈ ಸಲ ದೊಡ್ಡಿಯ ಬಾಗಿಲಲ್ಲೋ ಚಹಾದ ಕೆಟಲಿನ ಹತ್ತಿರವೋ ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಆಂಡ್ರು ನನ್ನನ್ನು ಅದೇ ಜಾಗಕ್ಕೆ ಕರೆದುಕೊಂಡು ಹೋಗಿ, ಈನಾಳ ಜಾಗದ ಕಡೆ ಹತ್ತು ಮಾರು ಸರಿಸಿ ನಿಲ್ಲಿಸಿದ. ಯಾವ ಎಚ್ಚರಿಕೆಯನ್ನೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಕೂಗೆಂದರೂ ಕೂಗಲಾಗುತ್ತಿರಲಿಲ್ಲ.

ನಡೆದೆವು. ಎಡಗಡೆಯಲ್ಲಿ ಹಳದಿ ರೈನ್‌ಕೋಟಿನ ಸುಮಿತ್ರಾ. ಕೆಸರಿನ ಹತ್ತಿರ ಅವಳು ಒಂದು ಕೈಯೆತ್ತಿದಳು. ಆ ಕಡೆ ಐವರು, ಈ ಕಡೆ ಐವರು ನಿಂತರು. ಅವಳು ಕುರಿಗಳನ್ನು ನೋಡಿ ಕೈ ಇಳಿಸಿದಳು, ಎಲ್ಲರೂ ನಡೆದರು. ನಮ್ಮ ಮನೆಯಲ್ಲಿ ಅಡಿಗೆ ಏನು ಮಾಡಬೇಕೆಂದೂ ಇವಳನ್ನು ನಾವು ಕೇಳಿದವರಲ್ಲ. ನನಗೆ ಹೆಮ್ಮೆಯಾಯಿತು, ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ಕುರಿಗಳೆಲ್ಲ ದೊಡ್ಡಿ ಸೇರಿ ಗೇಟು ಹಾಕಿದ ಮೇಲೆ ಎಲ್ಲ ಒಟ್ಟಿಗೆ ಮಾತಾಡಲು ಶುರುಮಾಡಿದರು. ಅಷ್ಟು ಮಾತು ಅವರೊಳಗಿತ್ತೆಂದು ನನಗೆ ಗೊತ್ತಿರಲಿಲ್ಲ.

ಹೊರಟದ್ದು

"ನಾನು ಅವ್ವನ್ ಹತ್ರ ಮಾತಾಡ್ತೀನಿ. ಅಲ್ಲೀವರ್ಗೆ ಇವರಿಗೆ ಏನೂ ಹೇಳ್ಬೇಡ" ಎಂದೆ ಸುಮಿತ್ರಾಳಿಗೆ.

"ಅವ್ವ ಒಪ್ಪಲ್ಲ."

"ಒಪ್ಪಲ್ಲ. ಆದ್ರೂ ಮಾತಾಡ್ತೀನಿ ಮಾರಾಯ್ತಿ."

ದೋಣಿಯನ್ನು ನೀರಿಗೆ ನೂಕಲು ಎಲ್ಲರೂ ಇಳಿದು ಬಂದರು. ನೂಕಿದ ಕೈಗಳಲ್ಲಿ ಅವಳವೂ ಇದ್ದವು.

ಬಣಕಲ್

ಮನೆಯಲ್ಲಿ ಅವ್ವ ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. "ಎಲ್ಲಿ ಅವ್ಳು?"

ದಾರಿಯುದ್ದಕ್ಕೂ ನಾನು ಒಳ್ಳೊಳ್ಳೆಯ ಮಾತುಗಳನ್ನು ಹೊಂದಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಸಾಲು, ಮಂಜು, ಕೂಗು, ಮುರಿದ ಕಾಲು, ಗೇಟು, ಹೆಗಲ ಮೇಲಿನ ಶಾಲು. ಅವ್ವ ಶಾಲಿನ ಮಾತಿಗೆ ಕರಗುತ್ತಾಳೆ ಎಂದುಕೊಂಡಿದ್ದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಯಾರು ಕೂಗಿದ್ದು?"

"ನಾನೇ ಅವ್ವ."

"ನಿನ್ನಿಂದ ಆ ಮುದುಕಿ ಕಾಲು ಮುರ್ಕೊಂಡ್ಲು?"

"ಹೌದು."

"ಅವ್ಳಿಗೆ ಯಾರಿದಾರೆ?"

"ಮನೇಲಿ ಒಬ್ಳೇ."

ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ನಮ್ಮನೆಯವ್ರು ಬೀಳ್ಸಿದ್ದು, ನಮ್ಮನೆಯವ್ರೇ ಎಬ್ಬಿಸ್ಬೇಕು. ಆ ಅಮ್ಮ ನೆಟ್ಟಗೆ ನಡೆಯೋವರ್ಗೂ ಸುಮಿತ್ರ ಅಲ್ಲಿಂದ ಕದಲ್ಬಾರ್ದು. ಫೋನ್ ಮಾಡಿ ಹೇಳು. ನಾ ಹೇಳ್ದೆ ಅಂತ ಹೇಳು."

ಫೋನಿನ ಆ ತುದಿಯಲ್ಲಿ ಸುಮಿತ್ರಾ ಮೂಗೇರಿಸಿದ ಸದ್ದು ಕೇಳಿತು.

ಇದೆಲ್ಲ ನಡೆದು ಮೂರು ವರ್ಷವಾಯಿತು. ಈಗಲೂ ದ್ವೀಪದಿಂದ ಫೋನು ಬಂದರೆ ಅವ್ವ ಮಗಳ ಆರೋಗ್ಯಕ್ಕಿಂತ ಮೊದಲು ಆ ಅಮ್ಮನ ಕಾಲು ಹೇಗಿದೆ ಎಂದು ವಿಚಾರಿಸುತ್ತಾಳೆ. ಪರವಾಗಿಲ್ಲ ಅವ್ವ, ಇನ್ನೂ ಸ್ವಲ್ಪ ನೋವಿದೆ ಎಂದು ಸುಮಿತ್ರಾ ಹೇಳುತ್ತಾಳೆ. ಈನಾ ಆ ಚಳಿಗಾಲದಲ್ಲೇ ಕೋಲು ಬಿಸಾಡಿ, ಮುಂದಿನ ಜುಲೈಗೆ ಗುಡ್ಡ ಹತ್ತಿ ತನ್ನ ಜಾಗದಲ್ಲಿ ನಿಂತಿದ್ದನ್ನು ನಾವಿಬ್ಬರೂ ಅವ್ವನಿಗೆ ಇನ್ನೂ ಹೇಳಿಲ್ಲ.